ನೊಂದ ನಾಗರಿಕರು

‘ಬಾಲ್ಯದಿಂದಲೇ ಸಮಾಜಸೇವೆಯ ತುಡಿತ ಹೊಂದಿದ್ದ ಇವರು’ ಎಂಬ ಸಾಲನ್ನು ಮೂರನೆಯ ಸಲ ಓದುವಾಗಲೂ ಹಲ್ಲುಜ್ಜುವ ಬ್ರಷ್ಷು ಅವಳ ಬಾಯಲ್ಲೇ ಇತ್ತು. ನಗರಸಭೆಯ ಪ್ರಚಾರ ವಿಭಾಗದ ಗುಮಾಸ್ತ ಬೆಳಗ್ಗೆ ಆರಕ್ಕೇ ಫೋನಿಗೆ ಕಳಿಸಿಬಿಟ್ಟಿದ್ದ. ಜಾಲತಾಣದಲ್ಲಿ ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಪುಟವಂತೆ. ಅರ್ಧ ಪುಟ ಹಿನ್ನೆಲೆ, ಅರ್ಧ ಪುಟ ಸೇವೆ, ನಡುವೆ ಒಂದು ಫೋಟೋ. ಸಂಜೆ ನಾಲ್ಕರೊಳಗೆ ತಿದ್ದಿ ಕಳಿಸಬೇಕಂತೆ. ಬಾಲ್ಯದಲ್ಲಿ ತನಗಿದ್ದ ತುಡಿತಗಳನ್ನು ಅವಳು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ನೋಡಿದಳು. ಅಣ್ಣನ ಸೈಕಲ್ಲು. ಪಕ್ಕದ ಮನೆಯವರ ಹಣ್ಣಿನ ಮರ. ಅಪ್ಪ ಅಂಗಡಿಯಲ್ಲಿ ಇಲ್ಲದಾಗ ರಿಪೇರಿಗೆ ಬಂದ ಗೋಡೆ ಗಡಿಯಾರಗಳೆಲ್ಲ ಒಂದೇ ಸಲ ಹನ್ನೆರಡು ಹೊಡೆಯುವಂತೆ ಮುಳ್ಳು ತಿರುಗಿಸಿಟ್ಟು ಓಡಿಹೋಗುವುದು. ಸಮಾಜ ಎಂಬುದು ಆಗ ಅವಳಿಗೆ ಒಂದು ಪಠ್ಯಪುಸ್ತಕದ ಹೆಸರಾಗಿ ಮಾತ್ರ ಗೊತ್ತಿತ್ತು, ಅದರಲ್ಲಿ ಅವಳಿಗೆ ಬಂದದ್ದು ಮೂವತ್ತೇಳು ಅಂಕ. ಬಾಯಿಯ ನೊರೆಯ ಒಂದು ಹನಿ ‘ತುಡಿತ’ದ ಮೇಲೆ ಬಿತ್ತು. ಹೆಬ್ಬೆರಳಿನಲ್ಲಿ ಒರೆಸಿದರೆ ಪರದೆ ಸರಿದು ಮುಂದಿನ ಸಾಲು ಬಂತು: ‘ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದ ವೃದ್ಧ ಶಿಕ್ಷಕಿಯನ್ನು ಕಂಡು ಮನ ಕರಗಿ, ತಮ್ಮ ಅಂಗಡಿಯ ಕುರ್ಚಿಯನ್ನೇ ಸಾರ್ವಜನಿಕರಿಗೆ ಅರ್ಪಿಸಿದ ಇವರು ಇಂದಿಗೂ ಕುರ್ಚಿಯಕ್ಕ ಎಂದೇ ಮನೆಮಾತು.’ ಅದರ ಕೆಳಗೆ, ಪುಟಕ್ಕಲ್ಲ, ಅವಳಿಗೆಂದೇ ಬರೆದದ್ದು: ‘ಮೇಡಂ, ಫೋಟೋ ಹನ್ನೊಂದಕ್ಕೆ ಆ ಟೀಚರ ಮನೆಯಲ್ಲೇ. ಫೋಟೋಗ್ರಾಫರಿಗೆ ಹೇಳಿದ್ದೇನೆ. ನೀವಿಬ್ಬರೂ ಕೈ ಹಿಡಿದುಕೊಂಡಿದ್ದರೆ ಚೆನ್ನ. ನೀಲಿ ಬಟ್ಟೆ ಬೇಡ.’

ಮನ ಕರಗಿ. ಬ್ರಷ್ಷಿನ ತುದಿ ಗಂಟಲಿಗೆ ತಗುಲಿದಂತಾಗಿ ಅವಳು ಕೆಮ್ಮಿದಳು. ಅಡುಗೆಮನೆಯ ನೆಲದಲ್ಲಿ ಕೂತು ಗಂಡ ತನ್ನ ಚೀಲಕ್ಕೆ ಪಾನಾ, ವಾಷರು, ದಾರದ ಉಂಡೆಗಳನ್ನು ತುಂಬಿಕೊಳ್ಳುತ್ತಿದ್ದ. ಅವನು ನಲ್ಲಿ, ಪೈಪು ರಿಪೇರಿಯವನು. ನೀರು ಬರದಿದ್ದರೆ ಹೆಂಡತಿಗೆ ಫೋನು, ಬಂದ ನೀರು ನಿಲ್ಲದಿದ್ದರೆ ಗಂಡನಿಗೆ ಫೋನು ಎಂದು ವಾರ್ಡಿನಲ್ಲಿ ಒಂದು ತಮಾಷೆಯೇ ಇತ್ತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಹೇಳದೆ ಉಳಿಸಿಕೊಂಡದ್ದು ಒಂದೇ ಒಂದು. ಅದು ಕೂಡ ದೊಡ್ಡದೇನಲ್ಲ, ಐದು ಸಾಲಿನ ಒಂದು ಅರ್ಜಿ.

“ರೀ, ನಿಮಗೊಂದು ವಿಷಯ ಹೇಳ್ಬೇಕಿತ್ತು.”

“ಹೇಳು, ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ.”

“ಹನ್ನೊಂದು ವರ್ಷದ ಹಿಂದಿನ ವಿಷಯ.”

“ಅಷ್ಟು ಹಳೇದಾದ್ರೆ ಸಂಜೆವರೆಗೆ ಕೆಡಲ್ಲ ಬಿಡು. ಮೂಲೆಮನೆ ಅಜ್ಜಿ ಬಕೆಟ್ ಮೇಲೆ ಬಕೆಟ್ ಬದಲಾಯಿಸ್ತಾ ಕೂತಿದಾರೆ,” ಎಂದು ಅವನು ಚೀಲ ಹೆಗಲಿಗೇರಿಸಿ ಹೊರಟೇಹೋದ. ಬಾಗಿಲ ಹೊರಗಿನಿಂದ ಮತ್ತೆ ತಲೆ ಹಾಕಿ, “ಆ ಹಸಿರು ಬಟ್ಟೆ ಹಾಕ್ಕೋ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ,” ಎಂದ. ಫೋಟೋ ವಿಷಯ ಇವನಿಗೆ ಹೇಗೆ ಗೊತ್ತು? ಗೊತ್ತಿಲ್ಲದವರು ಯಾರು? ಗುಮಾಸ್ತ ಊರಿಗೆಲ್ಲ ಹೇಳಿಕೊಂಡು ಬಂದಿರುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳಂತೆ ಎನ್ನುವ ಹಾಗೆ, ಹಸಿರು ಬಟ್ಟೆಯ ಭುಜವನ್ನು ಅವಳು ಕನ್ನಡಿಯ ಮುಂದೆ ಎರಡು ಸಲ ಕೊಡವಿಕೊಂಡಳು.

ಹತ್ತೂವರೆಗೆ ಬೀದಿಗಿಳಿದರೆ ಎಂದಿನಂತೆ ಹೆಜ್ಜೆಗೊಂದು ಅಹವಾಲು. ಇಸ್ತ್ರಿ ಅಂಗಡಿಯವನಿಗೆ ಎದುರಿನ ಚರಂಡಿಯ ಕಲ್ಲು ಅಲ್ಲಾಡುತ್ತದೆ. ಔಷಧಿ ಅಂಗಡಿಯಾಕೆಗೆ ಬೀದಿದೀಪ ಹಗಲಲ್ಲಿ ಉರಿಯುತ್ತದೆ. “ಅಕ್ಕಾ, ನಾಲ್ಕನೇ ಅಡ್ಡರಸ್ತೆ ಕಸದ ಗಾಡಿ ಗುರುವಾರ ಬರ್ಲಿಲ್ಲ” ಎಂದು ಮಹಡಿಯಿಂದ ಯಾರೋ ಕೂಗಿದರು. ಗುರುವಾರ ಬಂದಿತ್ತು, ಆ ಮನೆಯವರು ಎದ್ದಿರಲಿಲ್ಲ. ಅದೂ ಅವಳಿಗೆ ಗೊತ್ತಿತ್ತು. ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಇದನ್ನು ಅವಳು ಇಷ್ಟಪಟ್ಟೇ ಮಾಡುತ್ತಿದ್ದಳು, ಅದೇ ತೊಡಕು. ಬೇಸರದಿಂದ, ಪ್ರಾಯಶ್ಚಿತ್ತದಂತೆ ಹಲ್ಲುಕಚ್ಚಿ ಮಾಡಿದ್ದರೆ ಮನಸ್ಸಿಗೆ ಒಂದಿಷ್ಟು ನ್ಯಾಯವಾದರೂ ಸಿಗುತ್ತಿತ್ತು. ಚರಂಡಿಯ ಕಲ್ಲು ಸರಿಯಾಗಿ ಕೂತಾಗ ಆಗುವ ಖುಷಿ, ನಿಂತ ಗಡಿಯಾರ ಮತ್ತೆ ಟಿಕ್ಕೆಂದಾಗ ಆಗುವ ಖುಷಿಗಿಂತ ಒಂದು ಗುಂಜಿಯೂ ಕಡಿಮೆಯಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಅವಳು ನಿಂತಳು. ಒರಗು ಇರುವ, ಮೇಲೆ ತಗಡಿನ ನೆರಳಿರುವ ಉದ್ದನೆಯ ಬೆಂಚು. ಒರಗಿನ ಮೇಲೆ ಬಿಳಿ ಬಣ್ಣದಲ್ಲಿ ‘ವಾರ್ಡ್ ಸದಸ್ಯೆಯವರ ಅನುದಾನದಿಂದ’. ಬೆಂಚಿನ ಹಿಂದೆಯೇ ಅಪ್ಪನಿಂದ ಅವಳಿಗೆ ಬಂದ ಗಡಿಯಾರ ರಿಪೇರಿ ಅಂಗಡಿಯ ಕಿಟಕಿ. ಹಿಂದೆ ಇದೇ ಜಾಗದಲ್ಲಿ ಇದ್ದದ್ದು ಒರಗಿಲ್ಲದ ಹಳೆಯ ಸಿಮೆಂಟಿನ ಬೆಂಚು. ಅದರ ಮೇಲೆ ದಿನಾ ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮೂವರು: ನಿವೃತ್ತ ಕಂಪೌಂಡರ್, ನಿವೃತ್ತ ಬಸ್ ಡ್ರೈವರ್, ಮತ್ತು ಅವರಿಬ್ಬರು ಏನು ಹೇಳಿದರೂ ಹೌದಪ್ಪ ಎನ್ನುವ ಒಬ್ಬ, ಅವನ ಹೆಸರೇ ಹೌದಪ್ಪ ಎಂದಾಗಿತ್ತು.

ಹನ್ನೊಂದು ವರ್ಷದ ಹಿಂದೆ ಅವತ್ತು ಅವಳು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ಚಿಮಟ, ಚಿಮಟದ ತುದಿಯಲ್ಲಿ ಒಂದು ಹಳೆಯ ಕೈಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು. ಉಸಿರು ಜೋರಾಗಿ ಬಿಟ್ಟರೂ ಸಿಕ್ಕಾಗುವಂಥದ್ದು. ಅಪ್ಪ ಸತ್ತು ಎರಡು ವರ್ಷವಾಗಿತ್ತು, ಅಂಗಡಿಗೆ ಬಂದವರು ಇನ್ನೂ “ಮನೇಲಿ ಯಾರಾದ್ರೂ ಗಂಡಸರಿದ್ರೆ ಕರೀರಮ್ಮ” ಎನ್ನುತ್ತಿದ್ದ ಕಾಲ. ಕಿಟಕಿಯಾಚೆಯಿಂದ ಕಂಪೌಂಡರ್ ದನಿ ಬಂತು: “ಹೆಂಗಸಿನ ಕೈಗೆ ಗಡಿಯಾರ ಕೊಟ್ರೆ ಹನ್ನೆರಡಕ್ಕೆ ಹದಿಮೂರು ಹೊಡಿಯುತ್ತೆ.” ಹೌದಪ್ಪ ಎಂದ ಹೌದಪ್ಪ. ಮೂವರೂ ನಕ್ಕರು. ಸ್ಪ್ರಿಂಗು ಹಾರಿ ಎಲ್ಲಿಗೋ ಹೋಯಿತು. ಅವಳು ಆಗ ಏನು ಮಾಡಿದಳು ಎಂಬುದು ಈಗಲೂ ಅವಳಿಗೆ ನಾಚಿಕೆ ತರುತ್ತದೆ: ಅವಳೂ ನಕ್ಕಳು. ಕಿಟಕಿಯಿಂದ ತಲೆ ಹೊರಗೆ ಹಾಕಿ “ನೀರು ಬೇಕಾ ದೊಡ್ಡಪ್ಪ?” ಎಂದೂ ಕೇಳಿದಳು. ಎರಡು ದಿನ ಬಿಟ್ಟು, ಬಾಗಿಲು ಹಾಕಿಕೊಂಡು, ಅರ್ಜಿ ಬರೆದಳು. ‘ಸದರಿ ಬೆಂಚು ಪುಂಡಪೋಕರಿಗಳ ತಾಣವಾಗಿದ್ದು, ಹೆಂಗಸರು ಮಕ್ಕಳು ಓಡಾಡಲು ಅಂಜುವಂತಾಗಿದೆ. ಕೂಡಲೇ ತೆರವುಗೊಳಿಸಬೇಕಾಗಿ ವಿನಂತಿ. ಇಂತಿ, ನೊಂದ ನಾಗರಿಕರು.’ ಪುಂಡರಲ್ಲಿ ಅತಿ ಕಿರಿಯವನಿಗೆ ಅರವತ್ತೆಂಟು ವರ್ಷ. ನಾಗರಿಕರು ಎಂದು ಬಹುವಚನದಲ್ಲಿ ಬರೆಯುವಾಗ ಪೆನ್ನು ಕೊಂಚವೂ ತಡವರಿಸಲಿಲ್ಲ. ಈಗ ವಾರಕ್ಕೆ ಹತ್ತಾದರೂ ಅಂಥ ಅರ್ಜಿಗಳು ಅವಳ ಮೇಜಿಗೇ ಬರುತ್ತವೆ, ನೊಂದ ನಾಗರಿಕರು ಎಂದರೆ ಯಾವಾಗಲೂ ಒಬ್ಬರೇ ಎಂದು ಅವಳಿಗೆ ಗೊತ್ತು. ಒಂಬತ್ತೇ ದಿನದಲ್ಲಿ ಕೆಲಸಗಾರರು ಬಂದು ಬೆಂಚು ಒಡೆದರು. ನಗರಸಭೆ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಅವಳು ಸದಸ್ಯೆಯಾದ ಮೇಲೂ ಕಂಡಿಲ್ಲ. ಮೂವರು ಮುದುಕರು ನಾಲ್ಕು ದಿನ ಅದೇ ಜಾಗದಲ್ಲಿ ನಿಂತು ನೋಡಿದರು, ಆಮೇಲೆ ಚದುರಿದರು. ಹೌದಪ್ಪನನ್ನು ಅವಳು ಕೊನೆಯ ಸಲ ನೋಡಿದ್ದು ಔಷಧಿ ಅಂಗಡಿಯ ಸಾಲಿನಲ್ಲಿ, ಯಾರೂ ಏನೂ ಹೇಳದಿದ್ದರೂ ತಲೆಯಾಡಿಸುತ್ತ ನಿಂತಿದ್ದ.

ಬೆಂಚು ಹೋದ ಹತ್ತೊಂಬತ್ತನೆಯ ದಿನ ಲೆಕ್ಕದ ಟೀಚರು ಬಿದ್ದರು. ಏಳನೆಯ ತರಗತಿಯಲ್ಲಿ ಅವಳಿಗೆ ಭಿನ್ನರಾಶಿ ಕಲಿಸಿದವರು, ಆಗಲೇ ಎಪ್ಪತ್ತು ದಾಟಿದವರು. ಬಸ್ಸು ತಡವಾಗಿತ್ತು. ಮುಕ್ಕಾಲು ಗಂಟೆ ನಿಂತಿದ್ದರು. ಅವಳು ಮಸೂರದ ಕಣ್ಣಿನಿಂದಲೇ ಅವರನ್ನು ಒಂದೆರಡು ಸಲ ನೋಡಿದ್ದಳು, ಒಳಗೆ ಕರೆದು ಕೂರಿಸಬೇಕು ಎಂದುಕೊಂಡೂ ಇದ್ದಳು, ಇನ್ನೊಂದು ತಿರುಪು ಬಿಗಿದು ಏಳೋಣ ಎಂದು. ಆ ತಿರುಪು ಬಿಗಿಯುವಷ್ಟರಲ್ಲಿ ಸದ್ದು ಕೇಳಿತು. ಓಡಿಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಟೀಚರು, ನೋವಿಗಿಂತ ಹೆಚ್ಚಾಗಿ ತಾವೇ ಲೆಕ್ಕ ತಪ್ಪಿದ ಗೊಂದಲದಲ್ಲಿ, “ಇಲ್ಲೊಂದು ಬೆಂಚಿತ್ತಲ್ಲ?” ಎಂದರು. “ತೆಗೆದುಬಿಟ್ಟಿದ್ದಾರೆ ಟೀಚರ್” ಎಂದಳು ಅವಳು. ತೆಗೆದುಬಿಟ್ಟಿದ್ದಾರೆ. ಆ ‘ಆರೆ’ಯ ಹಿಂದೆ ಎಷ್ಟು ಜನ ಬೇಕಾದರೂ ಅಡಗಿಕೊಳ್ಳಬಹುದಿತ್ತು. ಆಸ್ಪತ್ರೆಗೆ ಕರೆದೊಯ್ದದ್ದು ಅವಳೇ. ಸೊಂಟದ ಮೂಳೆ. ಆರು ವಾರ ದಿನವೂ ಹೋಗಿ ಕೂತಳು. ಟೀಚರ ತಂಗಿ “ಹೆತ್ತ ಮಗಳೂ ಇಷ್ಟು ಮಾಡಲ್ಲ” ಎಂದು ಆಸ್ಪತ್ರೆಯ ಇತರ ರೋಗಿಗಳಿಗೆಲ್ಲ ಹೇಳಿದರು. ಟೀಚರು ಬಿದ್ದ ಮರುದಿನವೇ ಅಂಗಡಿಯ ಕುರ್ಚಿಯನ್ನು ತಂದು ನಿಲ್ದಾಣದಲ್ಲಿ ಹಾಕಿದ್ದಳು. ಮನ ಕರಗಿ ಅಲ್ಲ, ಖಾಲಿ ಜಾಗ ನೋಡಲಾರದೆ. ಕುರ್ಚಿಯಲ್ಲಿ ಕೂತವರು ಕಿಟಕಿಯತ್ತ ತಿರುಗಿ ಕಷ್ಟಸುಖ ಹೇಳಿದರು. ಅವಳು ಕೇಳಿಸಿಕೊಂಡು ಅರ್ಜಿ ಬರೆದುಕೊಟ್ಟಳು. ಅವಳ ಅರ್ಜಿಗೆ ಫಲ ಸಿಗುತ್ತದೆ ಎಂದು ಹೆಸರಾಯಿತು. ಕಚೇರಿಗೆ ಜೊತೆಗೆ ಹೋದಳು, ಮೆಟ್ಟಿಲು ಹತ್ತಲಾರದವರಿಗಾಗಿ ಅಲ್ಲಿ ಇಳಿಜಾರು ದಾರಿ ಮಾಡಿಸಿದಳು, ಬಾವಿ ಮುಚ್ಚಿಸಿದಳು, ನಲ್ಲಿ ಹಾಕಿಸಿದಳು. ಚುನಾವಣೆ ಬಂದಾಗ “ಎಲ್ಲರೂ ಕುರ್ಚಿಗೋಸ್ಕರ ಜನರ ಹತ್ರ ಬರ್ತಾರೆ, ಈಯಮ್ಮ ಜನರಿಗೋಸ್ಕರ ಕುರ್ಚಿ ತಂದ್ಳು” ಎಂದು ಇಸ್ತ್ರಿ ಅಂಗಡಿಯವನು ಹೇಳಿದ ಮಾತು ಭಿತ್ತಿಪತ್ರವಾಯಿತು. ಆರುನೂರು ಮತಗಳಿಂದ ಗೆದ್ದಳು. ಗೆದ್ದ ದಿನ ಟೀಚರು ಊರುಗೋಲಿನಲ್ಲಿ ಬಂದು ತಲೆ ಮುಟ್ಟಿ ಹರಸಿದಾಗ, ಆ ಕೈಯ ಭಾರಕ್ಕೆ ಅವಳ ಕುತ್ತಿಗೆ ನಿಜಕ್ಕೂ ನೋಯಿತು.

ಟೀಚರ ಮನೆಯ ಅಂಗಳದಲ್ಲಿ ಫೋಟೋಗ್ರಾಫರ್ ಆಗಲೇ ಬಂದು ಬೆಳಕು ಅಳೆಯುತ್ತಿದ್ದ. ಐವತ್ತರ ಗಂಡಸು, ಮದುವೆಗಳಲ್ಲಿ ಫೋಟೋ ತೆಗೆದು ತೆಗೆದು ಎಲ್ಲರನ್ನೂ ಮದುಮಕ್ಕಳಂತೆ ಮಾತಾಡಿಸುವ ಅಭ್ಯಾಸ. ತಂಗಿ ಮನೆಯಲ್ಲಿರಲಿಲ್ಲ, ಟೀಚರ ಕಿವಿಯ ಯಂತ್ರ ಕೆಟ್ಟಿತ್ತು, ಅದನ್ನು ಸರಿಮಾಡಿಸಲು ಪೇಟೆಗೆ ಹೋಗಿದ್ದರು. ಟೀಚರು ಕೆಳಗಿನ ಕೋಣೆಯಲ್ಲಿ, ಬಿಸಿಲು ಬೀಳದ ಆ ಕೋಣೆಯಲ್ಲಿ, ಮಂಚದ ತುದಿಗೆ ನೆಟ್ಟಗೆ ಕೂತಿದ್ದರು. ಎಂಬತ್ತೊಂದು ವರ್ಷ. ಫೋಟೋಗೆಂದು ತಲೆ ಬಾಚಿಕೊಂಡಿದ್ದರು. ಅವಳು ಪಕ್ಕದಲ್ಲಿ ಕೂತಳು. “ಇನ್ನೂ ಸ್ವಲ್ಪ ಹತ್ತಿರ, ನಾಚ್ಕೋಬೇಡಿ. ಕೈ ಹಿಡ್ಕೊಳಿ. ಅಕ್ಕಾ, ನೀವು ಟೀಚರ ಮುಖ ನೋಡಿ, ಪ್ರೀತಿಯಿಂದ,” ಎಂದ ಫೋಟೋಗ್ರಾಫರ್. ಅವಳು ನೋಡಿದಳು. ಟೀಚರು ಅವಳ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದು, ಕ್ಯಾಮೆರಾಕ್ಕಲ್ಲ, ಅವಳಿಗೇ ಎಂದು ನಕ್ಕರು. ಆ ನಗೆಯಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ. ಅವಳಿಗೆ ಥಟ್ಟನೆ, ಯಾವ ತೀರ್ಮಾನವೂ ಇಲ್ಲದೆ, ಸೀನು ಬರುವ ಹಾಗೆ ಮಾತು ಬಂದುಬಿಟ್ಟಿತು. “ಒಂದ್ನಿಮಿಷ ಹೊರಗಿರಿ,” ಎಂದು ಫೋಟೋಗ್ರಾಫರನನ್ನು ಕಳಿಸಿದಳು.

“ಟೀಚರ್, ಆ ಬೆಂಚು ತೆಗೆಸಿದ್ದು ನಾನು.”

“ಹಾಂ?” ಟೀಚರು ಕಿವಿಗೆ ಕೈ ಅಡ್ಡ ಹಿಡಿದರು. “ಲಂಚ ತೆಗೆಸಿದ್ದಾ? ಒಳ್ಳೇದಾಯ್ತು.”

“ಬೆಂಚು, ಟೀಚರ್. ಬಸ್ ಸ್ಟಾಪಿನ ಬೆಂಚು.”

“ಜೋರಾಗಿ ಹೇಳು ಮಗೂ. ಇವತ್ತು ಕಿವಿ ಇಲ್ಲ.”

ಹನ್ನೊಂದು ವರ್ಷ ಅವಳು ಈ ಮಾತನ್ನು ಎಷ್ಟು ಬಗೆಯಲ್ಲಿ ಹೇಳಿ ನೋಡಿಕೊಂಡಿದ್ದಳೋ! ಎಲ್ಲದರಲ್ಲೂ ದನಿ ತಗ್ಗಿತ್ತು, ತಲೆ ಬಾಗಿತ್ತು, ಕಣ್ಣಲ್ಲಿ ನೀರಿತ್ತು. ಕೂಗಿ ಹೇಳಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕತ್ತಿನ ನರ ಉಬ್ಬಿಸಿ, ಮಾರುಕಟ್ಟೆಯಲ್ಲಿ ಸರಕು ಕೂಗುವವಳ ಹಾಗೆ ಕೂಗಿದಳು: “ನೀವು ಬೀಳೋ ಮುಂಚೆ ಇದ್ದ ಬೆಂಚು! ಅದನ್ನ ತೆಗಿಸಿ ಅಂತ ಅರ್ಜಿ ಹಾಕಿದ್ದು ನಾನೇ! ಸುಳ್ಳು ಅರ್ಜಿ!”

ಅಂಗಳದಲ್ಲಿ ಫೋಟೋಗ್ರಾಫರನ ಮುಕ್ಕಾಲಿ ಸ್ಟ್ಯಾಂಡು ಠಣ್ಣೆಂದು ಬಿತ್ತು. ಎದುರುಮನೆಯಲ್ಲಿ ಯಾರೋ ಕಿಟಕಿ ತೆರೆದರು.

ಟೀಚರು ಅವಳ ಕೈ ಬಿಟ್ಟರು. ಕೋಪದಿಂದಲ್ಲ, ಕನ್ನಡಕ ತೆಗೆದು ಒರೆಸಿಕೊಳ್ಳಬೇಕಿತ್ತು. ಮತ್ತೆ ಹಾಕಿಕೊಂಡು, “ದಾರಿ ಹೇಳು,” ಎಂದರು. ತರಗತಿಯಲ್ಲೂ ಅವರು ಹಾಗೆಯೇ ಹೇಳುತ್ತಿದ್ದದ್ದು, ಉತ್ತರವೊಂದನ್ನೇ ಬರೆದರೆ ಸೊನ್ನೆ. ಅವಳು ಹೇಳಿದಳು, ಕೂಗಿಯೇ ಹೇಳಿದಳು: ಸ್ಪ್ರಿಂಗು, ಹದಿಮೂರು ಹೊಡೆಯುವ ಗಡಿಯಾರ, ನೀರು ಬೇಕಾ ದೊಡ್ಡಪ್ಪ ಎಂದದ್ದು, ಪುಂಡಪೋಕರಿಗಳು. ಟೀಚರು ನಡುವೆ ಒಮ್ಮೆ “ನಾಗರಿಕರು ಅಂತ ಬರೆದ್ಯಾ? ಎಷ್ಟು ಜನ?” ಎಂದು ಕೇಳಿದರು. “ಒಬ್ಬಳೇ.” “ಹೂಂ.” ಮುಗಿದ ಮೇಲೆ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡರು. ಈಗ ಅಳುತ್ತಾರೆ, ಇಲ್ಲವೇ ತಲೆ ಸವರಿ ಹೋಗಲಿ ಬಿಡು ಎನ್ನುತ್ತಾರೆ ಎಂದು ಅವಳು ಕಾದಳು. ಎರಡಕ್ಕೂ ಸಿದ್ಧವಾಗಿದ್ದಳು, ಎರಡನೆಯದಕ್ಕೆ ತುಸು ಹೆಚ್ಚೇ.

“ನನ್ನ ಕೋಣೆ ಮೇಲಿತ್ತು,” ಎಂದರು ಟೀಚರು. “ಬೆಳಿಗ್ಗೆ ಏಳಕ್ಕೆ ಬಿಸಿಲು ನೇರ ಮೇಜಿನ ಮೇಲೆ ಬೀಳ್ತಿತ್ತು. ಹನ್ನೊಂದು ವರ್ಷ ಆಯ್ತು, ಮಹಡಿ ಹತ್ತಿಲ್ಲ. ಮೇಲೆ ಏನಿದೆ, ಏನಿಲ್ಲ ಅಂತ ತಂಗೀನ ಕೇಳಿದ್ರೆ ‘ಎಲ್ಲಾ ಇದೆ, ಸುಮ್ನಿರು’ ಅಂತಾಳೆ. ನಿನ್ನ ಬಗ್ಗೆ ಬಂದೋರಿಗೆಲ್ಲ ಹೇಳಿದೀನಲ್ಲೇ ನಾನು! ಪೇಪರಿನವರಿಗೆ ಹೇಳಿದೀನಿ. ನನ್ನ ಕೈಯಲ್ಲಿ ಸುಳ್ಳು ಹೇಳಿಸ್ದೆ.” ದನಿ ಏರಿತು. “ಮುಖ ನೋಡು, ಮುಖ! ಕ್ಷಮಿಸಿಬಿಡ್ತಾರೆ ಅನ್ಕೊಂಡು ಬಂದಿದಾಳೆ.”

“ರಾಜೀನಾಮೆ ಕೊಡ್ತೀನಿ ಟೀಚರ್.”

“ಹಾಂ?”

“ರಾಜೀನಾಮೆ!”

“ಕೊಟ್ಟು? ಮನೇಲಿ ಕೂತು ಮತ್ತೆ ಅರ್ಜಿ ಬರೀತೀಯಾ? ಬಾಯಿ ಮುಚ್ಚು. ಏಳು. ನನ್ನನ್ನ ಮೇಲೆ ಕರ್ಕೊಂಡು ಹೋಗು.”

“ಈಗ್ಲಾ?”

“ತಂಗಿ ಬಂದ್ರೆ ಬಿಡಲ್ಲ. ಕ್ಷಮೆ ಗಿಮೆ ಎಲ್ಲ ಆಮೇಲೆ ನೋಡೋಣ.”

ಹದಿನಾಲ್ಕು ಮೆಟ್ಟಿಲು, ಏಳರ ನಂತರ ಒಂದು ತಿರುವು. ಹೆಗಲು ಕೊಟ್ಟು ಹತ್ತಿಸೋಣವೆಂದರೆ ಇಬ್ಬರಿಗೆ ಸಾಲುವಷ್ಟು ಅಗಲವಿಲ್ಲ. ಎತ್ತಿಕೊಳ್ಳುತ್ತೇನೆ ಎಂದ ಫೋಟೋಗ್ರಾಫರನಿಗೆ ಟೀಚರು “ನಾನೇನು ಮೂಟೆಯಾ?” ಎಂದರು. ಕೊನೆಗೆ ದಾರಿ ಕಂಡುಹಿಡಿದದ್ದು ಅವರೇ. ಎರಡನೆಯ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತರು. ಕೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ, ಒಳ್ಳೆಯ ಕಾಲಿನಿಂದ ಒದ್ದು, ಕೂತಲ್ಲೇ ಒಂದು ಮೆಟ್ಟಿಲು ಮೇಲಕ್ಕೆ ಸರಿದರು, ನಡೆಯಲು ಬಾರದ ಕೂಸು ಹೋಗುವ ಹಾಗೆ. ಅವಳು ಕೆಳಗಿನ ಮೆಟ್ಟಿಲಲ್ಲಿ ಮಂಡಿಯೂರಿ ಕೆಟ್ಟ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಇಟ್ಟಳು. ಮೇಲಿನ ಮೆಟ್ಟಿಲಲ್ಲಿ ಫೋಟೋಗ್ರಾಫರ್ ಬೆನ್ನಿಗೆ ಅಂಗೈ ಕೊಟ್ಟ. “ನಾನೇನೂ ಕೇಳಿಸ್ಕೊಂಡಿಲ್ಲ ಅಕ್ಕ,” ಎಂದು ಅವಳಿಗೆ ಮೆಲ್ಲನೆ ಹೇಳಿದ, ಎಲ್ಲವನ್ನೂ ಕೇಳಿಸಿಕೊಂಡವನ ಕಣ್ಣಿನಲ್ಲಿ. ಅವಳ ಕೈಯಲ್ಲಿದ್ದ ಆ ಕಾಲು ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಹೆದರಿಕೆಯಾಯಿತು. ಇಷ್ಟು ವರ್ಷ ತಾನು ಹೊತ್ತು ತಿರುಗಿದ್ದಕ್ಕೂ ಈಗ ಕೈಯಲ್ಲಿ ಇರುವುದಕ್ಕೂ ತಾಳೆಯೇ ಆಗಲಿಲ್ಲ. ಮಂಡಿಗೆ ಕಲ್ಲು ಒತ್ತುತ್ತಿತ್ತು. ಹಸಿರು ಬಟ್ಟೆಯೆಲ್ಲ ಧೂಳಾಯಿತು. ಪ್ರತಿ ಮೆಟ್ಟಿಲಿಗೂ ಟೀಚರು ಒಂದೊಂದು ಬೈಗುಳ ಬೈದರು. ಮೂರನೆಯದಕ್ಕೆ ಹೇಡಿ. ಐದನೆಯದಕ್ಕೆ ಬುದ್ಧಿಗೇಡಿ. ಆರರಲ್ಲಿ ಏದುಸಿರು ಬಂದು ಬೈಗುಳ ತಪ್ಪಿತು. ತಿರುವಿನಲ್ಲಿ ದಮ್ಮು ತೆಗೆದುಕೊಳ್ಳಲು ಕೂತಾಗ ಫೋಟೋಗ್ರಾಫರ್ ಆಸೆ ತಡೆಯಲಾರದೆ, “ಟೀಚರ್, ಇದೊಂದು ತೆಗೀಲಾ? ತುಂಬಾ ಸಹಜವಾಗಿದೆ,” ಎಂದು ಕ್ಯಾಮೆರಾ ಎತ್ತಿ ತೋರಿಸಿ ಕೇಳಿದ. “ತೆಗೆದ್ರೆ ಆ ಡಬ್ಬಾ ನನಗಿಂತ ಮುಂಚೆ ಕೆಳಗೆ ಹೋಗುತ್ತೆ,” ಎಂದರು.

ಜಾಲತಾಣದ ಆ ಪುಟ ಮುಂದೊಂದು ದಿನ ಬಂತು. ಫೋಟೋ ಇಲ್ಲದ ಒಂದೇ ಪುಟ ಅವಳದು. ಅಂದು ಸಂಜೆ ನಾಲ್ಕಕ್ಕಲ್ಲ, ಮರುದಿನ ಅವಳು ಗುಮಾಸ್ತನಿಗೆ ಕಳಿಸಿದ್ದು ನಾಲ್ಕು ಸಾಲು: ಗಡಿಯಾರ ರಿಪೇರಿ ಮಾಡುತ್ತೇನೆ, ವಾರ್ಡಿನಲ್ಲೇ ಹುಟ್ಟಿದ್ದು, ಹಳೆಯ ಬೆಂಚು ತೆಗೆಸಿದ್ದು ನಾನು, ಫೋನ್ ನಂಬರು ಇದು. ಗುಮಾಸ್ತ ಗಾಬರಿಯಾಗಿ ಮೂರನೆಯದನ್ನು ಹೊಡೆದುಹಾಕಿದ. ಹೊಡೆದು ಪ್ರಯೋಜನವಿರಲಿಲ್ಲ, ಎದುರುಮನೆಯ ಕಿಟಕಿಯಿಂದ ಅದು ಹಿಂದಿನ ದಿನ ಮಧ್ಯಾಹ್ನದೊಳಗೇ ಇಸ್ತ್ರಿ ಅಂಗಡಿ ಮುಟ್ಟಿತ್ತು. ಗಂಡ ಅಂದೇ ಸಂಜೆ ಬಂದು ಚೀಲ ಇಳಿಸಿ, “ಸಂಜೆವರೆಗೆ ಕೆಡಲ್ಲ ಅಂದೆ, ನೀನು ಮಧ್ಯಾಹ್ನವೇ ಬಡಿಸಿಬಿಟ್ಟೆಯಲ್ಲೇ,” ಎಂದು ನಕ್ಕ. ಆದರೂ ತನಗೆ ಮೊದಲು ಹೇಳಲಿಲ್ಲವೆಂಬ ನೋವು ಅವನಲ್ಲಿ ಒಂದು ವಾರ ಇತ್ತು. ಹಿಂದಿನಿಂದ ಕೆಲವರು ಆಡಿಕೊಂಡರು. ಹತ್ತು ತಿಂಗಳಾದ ಮೇಲಿನ ಚುನಾವಣೆಯಲ್ಲಿ ಎದುರಾಳಿ ಅದನ್ನೇ ಮೈಕಿನಲ್ಲಿ ಕೂಗಿಸಿದ. ಅರವತ್ತೆರಡು ಮತಗಳಿಂದ ಗೆದ್ದಳು. ಆರುನೂರಕ್ಕಿಂತ ಆ ಅರವತ್ತೆರಡರ ಮೇಲೆ ಅವಳಿಗೆ ನಂಬಿಕೆ ಹೆಚ್ಚು. ಆದರೆ ಎಂಟನೆಯ ಮೆಟ್ಟಿಲಲ್ಲಿ ಮಂಡಿಯೂರಿದ್ದಾಗ ಇದಾವುದೂ ಅವಳಿಗೆ ಗೊತ್ತಿರಲಿಲ್ಲ. ಎಂಟಾದ ಮೇಲೆ ಒಂಬತ್ತು, ಅಷ್ಟೇ ಗೊತ್ತಿತ್ತು.

ಹದಿನಾಲ್ಕನೆಯದನ್ನು ದಾಟಿದಾಗ ಟೀಚರಿಗೂ ಅವಳಿಗೂ ಒಂದೇ ಬಗೆಯ ಏದುಸಿರು. ಅವಳೂ ಫೋಟೋಗ್ರಾಫರನೂ ಅವರನ್ನು ಹಿಡಿದು ನಿಲ್ಲಿಸಿದರು, ಊರುಗೋಲು ಕೊಟ್ಟರು. ಕೋಣೆಯ ಬಾಗಿಲು ತಳ್ಳಿದರೆ ಎಲ್ಲ ಇರಲಿಲ್ಲ. ಮಂಚವಿರಲಿಲ್ಲ. ಮೇಜಿತ್ತು, ಅದರ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳು, ಹಳೆಯ ಫ್ಯಾನಿನ ರೆಕ್ಕೆಗಳು, ತಂಗಿ ಎಸೆಯಲಾರದೆ ತಂದಿಟ್ಟ ಡಬ್ಬಗಳು. ಗೋಡೆಯುದ್ದಕ್ಕೆ ಮೂವತ್ತು ವರ್ಷದ ಪ್ರಶ್ನೆಪತ್ರಿಕೆಗಳ ಕಟ್ಟು, ಒಂದು ಮೂಲೆ ಇಲಿ ತಿಂದದ್ದು. ನೆಲದ ಮೇಲೆ ಹೆಜ್ಜೆ ಮೂಡುವಷ್ಟು ಧೂಳು. ಅವಳು ಬಾಗಿಲ ಹಿಂದಿದ್ದ ಪೊರಕೆ ತೆಗೆದುಕೊಂಡು ಮೇಜಿನ ಕೆಳಗಿನಿಂದ ಗುಡಿಸಲು ಶುರುಮಾಡಿದಳು. ಫೋಟೋಗ್ರಾಫರ್ ಕಿಟಕಿಯ ತುಕ್ಕು ಹಿಡಿದ ಚಿಲಕವನ್ನು ಗುದ್ದಿ ಗುದ್ದಿ ತೆಗೆದ. ಬೆಳಕು ಬಂತು, ಧೂಳೆಲ್ಲ ಎದ್ದು ಅದರಲ್ಲಿ ತೇಲಿತು, ಮೂವರೂ ಸೀನಿದರು. ಕಿಟಕಿಯಾಚೆ, ತಗ್ಗಿನಲ್ಲಿ, ಟೀಚರು ಮೂವತ್ತು ವರ್ಷ ಪಾಠ ಮಾಡಿದ ಶಾಲೆ. ಅದಕ್ಕೀಗ ಇನ್ನೊಂದು ಅಂತಸ್ತು ಎದ್ದಿತ್ತು. ಮಧ್ಯಾಹ್ನದ ಬಿಡುವಿರಬೇಕು, ಅಂಗಳದ ತುಂಬ ಮಕ್ಕಳು. ಟೀಚರು ಕಿಟಕಿಯ ಸರಳು ಹಿಡಿದು ಹಣೆ ಆನಿಸಿ ನಿಂತರು.

“ಗಲಾಟೆ ಮಾಡ್ತಿದಾವಾ?” ಎಂದು ತಿರುಗದೆಯೇ ಕೇಳಿದರು.

“ಮಾಡ್ತಿದಾವೆ ಟೀಚರ್!”

“ಜೋರಾಗಾ?”

“ಕಿವಿ ಕಿತ್ತುಹೋಗೋ ಹಾಗೆ!”

“ಹೂಂ.” ಇನ್ನಷ್ಟು ಹೊತ್ತು ನೋಡಿದರು. ಆಮೇಲೆ ಹಿಂದಿರುಗಿ, ಅವಳು ಗುಡಿಸಿದ ಜಾಗವನ್ನು ಉತ್ತರಪತ್ರಿಕೆ ನೋಡುವ ಕಣ್ಣಿನಿಂದ ನೋಡಿ, ಊರುಗೋಲಿನ ತುದಿಯಿಂದ ತೋರಿಸಿದರು: “ಮೂಲೆ ಬಿಟ್ಟೆ.”

ಅವಳು ಮೂಲೆಗೆ ಬಗ್ಗಿದಳು. ಆಗಲೇ ಕೆಳಗೆ ಅಂಗಳದ ಬಾಗಿಲು ಕಿರ್ರೆಂದಿತು. “ಅಕ್ಕಾ, ನಿನ್ನ ಕಿವಿ ಸರಿಹೋಯ್ತು ನೋಡೇ,” ಎಂದು ತಂಗಿಯ ದನಿ ಒಳಗೆ ಬಂತು. ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ ಹೋಯಿತು, ಬರಬರುತ್ತ ಗಾಬರಿಯಾಯಿತು. “ಅಕ್ಕಾ? ಎಲ್ಲಿದ್ದೀಯೇ? ಅಕ್ಕಾ!” ಫೋಟೋಗ್ರಾಫರ್ ಪೆಟ್ಟಿಗೆಗಳ ಹಿಂದೆ ಸರಿದುನಿಂತ. ಟೀಚರಿಗೆ ಏನೂ ಕೇಳಿಸಿರಲಿಲ್ಲ, ಆದರೆ ನಲವತ್ತು ಮಕ್ಕಳ ಮುಖ ಒಂದೇ ನೋಟಕ್ಕೆ ಓದಿ ಅಭ್ಯಾಸವಿದ್ದ ಅವರು ಅವಳ ಮುಖ ನೋಡಿದರು, ಕೆಳಗೆ ಎಂಬಂತೆ ಅವಳು ಬೆರಳು ಮಾಡಿದ್ದನ್ನು ನೋಡಿದರು. “ಬಂದಳಾ?” ಎಂದು ತುಟಿಯಲ್ಲೇ ಕೇಳಿದರು. ಅವಳು ತಲೆಯಾಡಿಸಿದಳು.

ಲೆಕ್ಕದ ಟೀಚರು ತೋರುಬೆರಳನ್ನು ತುಟಿಯ ಮೇಲಿಟ್ಟು, ಕಣ್ಣರಳಿಸಿ, ಸದ್ದು ಮಾಡಬೇಡವೆಂದು ಸನ್ನೆ ಮಾಡಿದರು. ವಾರ್ಡಿನ ಸದಸ್ಯೆ ಪೊರಕೆಯನ್ನು ನೆಲಕ್ಕೆ ತಾಗದಂತೆ ಎತ್ತಿಹಿಡಿದು, ಉಸಿರು ಬಿಗಿಹಿಡಿದು ನಿಂತಳು.